ನಿರ್ಣಯ ಪುಸ್ತಕದ ಎರಡು ಸಾಲು

ಕಳೆದ ವಾರ ಕಪಾಟು ಖಾಲಿ ಮಾಡುವಾಗ ನಮ್ಮ ಕಬಡ್ಡಿ ಕ್ಲಬ್ಬಿನ ಹಳೆಯ ನಿರ್ಣಯ ಪುಸ್ತಕ ಸಿಕ್ಕಿತು. ಕೆಂಪು ಬೈಂಡಿನ ಉದ್ದ ಪುಸ್ತಕ. ಮಳೆಗಾಲದ ತೇವಕ್ಕೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲ ಬಿಡಿಸುತ್ತಾ ಹೋದಾಗ 2011ರ ಡಿಸೆಂಬರ್ ಪುಟ ಬಂತು. ನನ್ನದೇ ಅಕ್ಷರ, ನೀಲಿ ಶಾಯಿ. ಇಬ್ಬರು ಆಟಗಾರರ ಹೆಸರು, ಒಂದರ ಕೆಳಗೆ ಒಂದು. ಮೊದಲನೆಯವನ ಮುಂದೆ "ಅಶಿಸ್ತಿಗಾಗಿ ಎಚ್ಚರಿಕೆ ನೀಡಲಾಯಿತು" ಅಂತ ಇದೆ. ಎರಡನೆಯವನ ಮುಂದೆ "ಅಶಿಸ್ತಿಗಾಗಿ ಈ ವರ್ಷದ ಮಟ್ಟಿಗೆ ತಂಡದಿಂದ ಕೈಬಿಡಲಾಯಿತು" ಅಂತ ಇದೆ.

ಇಬ್ಬರೂ ಸೇರಿ ಮಾಡಿದ್ದು ಒಂದೇ ತಪ್ಪು. ಒಂದೇ ರಾತ್ರಿ, ಒಂದೇ ಹೋಟೆಲಿನಲ್ಲಿ.

ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ನನ್ನ ಕಾಲದಲ್ಲಿ ಕಬಡ್ಡಿ ಆಡಿದವಳೂ ಹೌದು. ಹಾಗಾಗಿ ಊರಿನ ಕ್ಲಬ್ಬಿನ ಸಮಿತಿಯಲ್ಲಿ ನನ್ನ ಹೆಸರು ಯಾವಾಗಲೂ ಇರುತ್ತಿತ್ತು. ಅಕ್ಷರ ಚೆಂದ ಅಂತ ನಿರ್ಣಯ ಬರೆಯುವ ಕೆಲಸವೂ ನನ್ನದೇ. ಆ ವರ್ಷ ನಮ್ಮ ಹುಡುಗರು ಘಟ್ಟದ ಮೇಲೆ ಒಂದು ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋಗಿದ್ದರು. ಸೆಮಿಫೈನಲ್ ಗೆದ್ದ ರಾತ್ರಿ ಇಬ್ಬರು ಕುಡಿದು ಹೋಟೆಲಿಗೆ ಹೋದರು. ಆಮ್ಲೆಟ್ ತರುವುದು ತಡವಾಯಿತು ಅಂತ ಸಪ್ಲಾಯರ್ ಹುಡುಗನ ಜೊತೆ ಜಗಳ. ನಮ್ಮ ರೈಡರ್, ಅಂದರೆ ಎದುರು ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವನು, ಅವನ ಕಪಾಳಕ್ಕೆ ಹೊಡೆದ. ಎಡ ಕಾರ್ನರ್‌ನಲ್ಲಿ ನಿಂತು ಎದುರಾಳಿಯನ್ನು ಹಿಡಿಯುವವನು ಆ ಸಪ್ಲಾಯರ್ ಹುಡುಗನ ಕೈ ಹಿಡಿದುಕೊಂಡಿದ್ದ. ಕಾರ್ನರ್ ಆಡುವವರ ಹಿಡಿತ ಹೇಗಿರುತ್ತದೆ ಅಂತ ಕಬಡ್ಡಿ ನೋಡಿದವರಿಗೆ ಗೊತ್ತು. ಆ ಸಣ್ಣ ಹುಡುಗನಿಗೆ ಅಲುಗಾಡಲೂ ಆಗಿರಲಿಕ್ಕಿಲ್ಲ.

ಹೋಟೆಲ್ ಮಾಲೀಕರಿಗೆ ಮೂರು ಸಾವಿರ ಕೊಟ್ಟು ಅಲ್ಲಿಗೆ ಮುಗಿಸಿದರು. ಸುದ್ದಿ ಊರಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಶಾಲೆಯ ಜಗಲಿಯಲ್ಲಿ ಏಳು ಜನ ಕೂತೆವು. ಮುಂದಿನ ಭಾನುವಾರ ನಮ್ಮದೇ ಊರಿನ ಪಂದ್ಯಾಟ. ರೈಡರ್ ಇಲ್ಲದೆ ತಂಡವೇ ಇಲ್ಲ. ಹಾಲು ಕೊಡುವ ಹಸು ಒದ್ದರೂ ಸಹಿಸಬೇಕು ಅಂತ ಹಿರಿಯರೊಬ್ಬರು ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ಆದರೆ ಊರಿಗೆ ಏನಾದರೂ ತೋರಿಸಬೇಕಲ್ಲ, ಅದಕ್ಕೆ ಇನ್ನೊಬ್ಬ ಇದ್ದ. "ಅವನು ಒಳ್ಳೆ ಹುಡುಗ, ಏನೋ ಒಂದು ಗಳಿಗೆ ತಪ್ಪಿದ" ಅಂತ ರೈಡರ್ ಪರವಾಗಿ ಹೇಳಿದ್ದು ನಾನೇ. ಕೈ ಎತ್ತಿದೆ. ಆಮೇಲೆ ಬರೆದೆ.

ಎರಡು ದಿನ ಬಿಟ್ಟು ಕಾರ್ನರ್ ಹುಡುಗನ ಅಪ್ಪ ಬಂದರು. ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಹೆಗಲ ಮೇಲೆ ಬೈರಾಸು. ಗೇಟಿನ ಹೊರಗೇ ನಿಂತರು. ಚಾ ಕುಡಿಯಿರಿ, ಒಳಗೆ ಬನ್ನಿ ಅಂದರೂ ಬರಲಿಲ್ಲ. ಮಗ ಮಾಡಿದ್ದು ಸರಿ ಅಂತ ಒಂದು ಮಾತೂ ಹೇಳಲಿಲ್ಲ. ಕೇಳಿದ್ದು ಇಷ್ಟೇ: "ಆಯಗ್ ಒಂಜಿ ನ್ಯಾಯ, ಎಂಕ್ಲೆಗ್ ಒಂಜಿ ನ್ಯಾಯನಾ ಟೀಚರ್?" ಅವನಿಗೊಂದು ನ್ಯಾಯ, ನಮಗೊಂದು ನ್ಯಾಯವಾ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಗ ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ.

ಇದನ್ನು ಇಷ್ಟು ವರ್ಷ ಮರೆತಿದ್ದೆ ಅಂತಲ್ಲ. 2019ರ ಜನವರಿಯಲ್ಲಿ ಒಮ್ಮೆ ಜೋರಾಗಿಯೇ ನೆನಪಾಗಿತ್ತು. ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಟಿವಿ ಶೋ ಒಂದರಲ್ಲಿ ಕೂತು ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದ್ದು ನಿಮಗೂ ನೆನಪಿರಬಹುದು. ನಮ್ಮ ರಾಹುಲ್ ಅಂತ ತಾನಾಗಿ ಬಂತು ನೋಡಿ. ಸುರತ್ಕಲ್ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ ಬೆಳೆದ ಹುಡುಗ, ಅಪ್ಪ ಅಮ್ಮ ಇಬ್ಬರೂ ಪ್ರೊಫೆಸರು. ಕರಾವಳಿಯ ಯಾವ ಸ್ಟಾಫ್ ರೂಮಿನಲ್ಲಿ ಕೂತರೂ ಅವನನ್ನು ಚಿಕ್ಕಂದಿನಲ್ಲಿ ನೋಡಿದವರು ಒಬ್ಬರಾದರೂ ಇರುತ್ತಾರೆ. ಶೋ ಬಂದದ್ದು ಜನವರಿ 6ಕ್ಕೆ. 11ಕ್ಕೆ ಅಮಾನತು, ಆಸ್ಟ್ರೇಲಿಯಾದಿಂದ ವಾಪಸ್. ಮಾರನೇ ದಿನ ಸಿಡ್ನಿಯಲ್ಲಿ ಮೊದಲ ಏಕದಿನ ಪಂದ್ಯ ಇತ್ತು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈಯುತ್ತಿದ್ದಾಗ ನಾನು ಹೇಳಿದೆ: "ರಾಹುಲ್ ಅಷ್ಟೇನೂ ಹೇಳಿಲ್ಲ ಅಲ್ವಾ? ಒಳ್ಳೆ ಹುಡುಗ." ಹೇಳಿದ ಕೂಡಲೇ ಎದೆಯಲ್ಲಿ ಚುಳುಕ್ ಅಂತು. ಇದೇ ಮಾತನ್ನು ಶಾಲೆಯ ಜಗಲಿಯಲ್ಲಿ ಹೇಳಿದ್ದೆನಲ್ಲ.

ಆ ಪ್ರಕರಣವನ್ನು ಅಂದಿನಿಂದ ತುಂಬಾ ಸಲ ಮಗುಚಿ ನೋಡಿದ್ದೇನೆ. ಅಮಾನತು ಮಾಡಿದರು, ಆದರೆ ವಿಚಾರಣೆ ಮಾಡಲು ಬಿಸಿಸಿಐಯಲ್ಲಿ ಆಗ ದೂರು ಕೇಳಿ ತೀರ್ಪು ಕೊಡುವ ಒಂಬುಡ್ಸ್‌ಮನ್ನೇ ಇರಲಿಲ್ಲ. ಕೇಳುವವರು ಇಲ್ಲದ ಮೇಲೆ ಎಷ್ಟು ದಿನ ಹೊರಗೆ ಕೂರಿಸುವುದು? 24ಕ್ಕೆ ಅಮಾನತು ತೆಗೆದರು. ಹಾರ್ದಿಕ್ ನ್ಯೂಜಿಲೆಂಡಿಗೆ ಹೋಗಿ ತಂಡ ಸೇರಿದರು, ರಾಹುಲ್ ಭಾರತ ಎ ತಂಡಕ್ಕೆ ಆಡಿದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರನ್ನು ಆ ಜಾಗಕ್ಕೆ ನೇಮಿಸಿತು. ಏಪ್ರಿಲ್‌ನಲ್ಲಿ ಅವರು ತೀರ್ಪು ಕೊಟ್ಟರು. ಇಬ್ಬರಿಗೂ ತಲಾ 20 ಲಕ್ಷ ದಂಡ. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ತೀರಿಹೋದ ಅರೆಸೇನಾ ಪಡೆಯ 10 ಕಾನ್‌ಸ್ಟೇಬಲ್‌ಗಳ ಮನೆಯವರಿಗೆ. ಉಳಿದ 10 ಲಕ್ಷ ಅಂಧರ ಕ್ರಿಕೆಟ್ಟಿಗೆ.

ಎರಡೂ ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸರವಾದದ್ದು ಹೆಂಗಸರಿಗೆ. ಆ ಲೆಕ್ಕದಲ್ಲಿ ಅವರೆಲ್ಲಿ? ಕ್ರಿಕೆಟ್ ಆಡುವ ಹೆಣ್ಣುಮಕ್ಕಳಿಗೆ ಆ ದುಡ್ಡಿನಲ್ಲಿ ಒಂದು ಹಾಸ್ಟೆಲ್ ರೂಮೋ, ನೆಟ್ಸೋ ಆಗಬಹುದಿತ್ತಲ್ಲ. ಇಬ್ಬರ ಮಾತೂ ಒಂದೇ ತೂಕದ್ದಲ್ಲ ಅಂತ ಶೋ ನೋಡಿದವರಿಗೆ ಅನಿಸಿತ್ತು. ಜನ ಜಾಸ್ತಿ ಸಿಟ್ಟಾಗಿದ್ದು ಹಾರ್ದಿಕ್ ಮಾತಿಗೆ. ದಂಡ ಮಾತ್ರ ಇಬ್ಬರಿಗೂ ಸಮ. ನಮ್ಮ ಕ್ಲಬ್ಬಿನಲ್ಲಿ ಒಂದೇ ತಪ್ಪಿಗೆ ಎರಡು ಶಿಕ್ಷೆ ಆಗಿತ್ತು, ಇಲ್ಲಿ ಬೇರೆ ಬೇರೆ ಮಾತಿಗೆ ಒಂದೇ ಶಿಕ್ಷೆ. ಎರಡು ಕಡೆಯೂ ಬಿಟ್ಟುಹೋದದ್ದು ಒಂದೇ: ಯಾರು ಏನು ಮಾಡಿದರು ಅಂತ ಕೂತು ತೂಗಿ ನೋಡುವ ಕೆಲಸ.

ಅದಕ್ಕಿಂತ ಒಂದು ವರ್ಷ ಹಿಂದೆ, 2018ರ ಮಾರ್ಚಿನಲ್ಲಿ, ಮೊಹಮ್ಮದ್ ಶಮಿ ಮೇಲೆ ಅವರ ಹೆಂಡತಿ ದೂರು ಕೊಟ್ಟಿದ್ದರು. ಮನೆಯೊಳಗಿನ ಹಿಂಸೆಯ ಆರೋಪ, ಜೊತೆಗೆ ಹಣದ ವ್ಯವಹಾರದ ಆರೋಪ. ಶಮಿ ಎಲ್ಲವನ್ನೂ ಅಲ್ಲಗಳೆದರು. ನಿಜ ಯಾವುದು ಅಂತ ಹೇಳಬೇಕಾದ್ದು ಕೋರ್ಟು, ನಾನಲ್ಲ. ನಾನು ಹೇಳುವುದು ಮಂಡಳಿ ನಡೆದುಕೊಂಡ ರೀತಿ. ಮೊದಲು ಅವರ ಗುತ್ತಿಗೆ ತಡೆಹಿಡಿದರು. ಆಮೇಲೆ ಭ್ರಷ್ಟಾಚಾರ ತಡೆ ಘಟಕದವರು ಹಣದ ವಿಷಯವನ್ನಷ್ಟೇ ನೋಡಿ, ಏನೂ ಇಲ್ಲ ಅಂದರು. ಅದೇ ತಿಂಗಳು ಬಿ ದರ್ಜೆಯ ಗುತ್ತಿಗೆ, 3 ಕೋಟಿ. ಆರೋಪ ಕೇಳಿದ ಕೂಡಲೇ ಗುತ್ತಿಗೆ ತಡೆದದ್ದು ಶಮಿಗೂ ನ್ಯಾಯ ಅಲ್ಲ. ಆಮೇಲೆ ಮನೆಯ ವಿಷಯ ನಮಗೆ ಸಂಬಂಧ ಇಲ್ಲ ಅನ್ನುವ ಹಾಗೆ ಕೈ ತೊಳೆದುಕೊಂಡದ್ದು ದೂರು ಕೊಟ್ಟವರಿಗೂ ನ್ಯಾಯ ಅಲ್ಲ. ಮುಂದಿನ ವರ್ಷ ಟಿವಿಯಲ್ಲಿ ಆಡಿದ ಮಾತಿಗೆ ಇಬ್ಬರನ್ನು ವಿಮಾನ ಹತ್ತಿಸಿ ಮನೆಗೆ ಕಳಿಸಿದ ಮಂಡಳಿಯೂ ಇದೇ. ಹೊರಗೆ ಬೊಬ್ಬೆ ಎಷ್ಟು ದೊಡ್ಡದು ಅನ್ನುವುದೇ ಅಳತೆಯಾ ಹಾಗಾದರೆ?

ಬೊಬ್ಬೆಯ ಮಾತು ಬಂದಾಗ ಅಮೆರಿಕದ ಫುಟ್‌ಬಾಲಿನ ಒಂದು ಕತೆ ಹೇಳಬೇಕು. ಅಲ್ಲಿರುವ ಅಣ್ಣನ ಮಗ ಹೇಳಿದ್ದು, ಆಮೇಲೆ ನಾನೂ ಹುಡುಕಿ ಓದಿದೆ. 2014ರಲ್ಲಿ ರೇ ರೈಸ್ ಅನ್ನುವ ಆಟಗಾರ ಕ್ಯಾಸಿನೊದ ಲಿಫ್ಟಿನಲ್ಲಿ ತಾನು ಮದುವೆಯಾಗಬೇಕಿದ್ದ ಹುಡುಗಿಗೆ ಹೊಡೆದು ಪ್ರಜ್ಞೆ ತಪ್ಪಿಸಿದ. ಲೀಗ್ ಕೊಟ್ಟ ಶಿಕ್ಷೆ ಎರಡು ಪಂದ್ಯ. ಅದೇ ವರ್ಷ ಗಾಂಜಾ ವಿಷಯದಲ್ಲಿ ಜಾಶ್ ಗಾರ್ಡನ್ ಅನ್ನುವವನಿಗೆ ಮೊದಲು ಹಾಕಿದ ನಿಷೇಧ ಇಡೀ ಸೀಸನ್‌ಗೆ! ಜನ ಸಿಟ್ಟಾದರು. ಆಗಸ್ಟಿನಲ್ಲಿ ಲೀಗ್, ಇನ್ನು ಮನೆಯವರ ಮೇಲೆ ಕೈ ಮಾಡಿದರೆ ಮೊದಲ ಸಲಕ್ಕೇ ಆರು ಪಂದ್ಯ ಅಂತ ನಿಯಮ ಮಾಡಿತು. ಸೆಪ್ಟೆಂಬರಿನಲ್ಲಿ ಲಿಫ್ಟಿನ ಒಳಗಿನ ವಿಡಿಯೋ ಹೊರಬಂತು. ಕೂಡಲೇ ರೈಸ್‌ಗೆ ಗಡುವೇ ಇಲ್ಲದ ನಿಷೇಧ. ಅವನ ಮೇಲ್ಮನವಿ ಕೇಳಿದ ಮಾಜಿ ನ್ಯಾಯಾಧೀಶೆ ಒಬ್ಬರು ನವೆಂಬರಿನಲ್ಲಿ ಆ ನಿಷೇಧ ರದ್ದು ಮಾಡಿದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡುವ ಹಾಗಿಲ್ಲ ಅಂತ. ಆ ಹೆಣ್ಣಿಗೆ ಬಿದ್ದ ಪೆಟ್ಟು ಫೆಬ್ರವರಿಯಲ್ಲೂ ಅಷ್ಟೇ, ಸೆಪ್ಟೆಂಬರಿನಲ್ಲೂ ಅಷ್ಟೇ. ಬದಲಾದದ್ದು ನೋಡಿದವರ ಸಂಖ್ಯೆ.

ನಮ್ಮ ವಿನೇಶ್ ಫೋಗಟ್ ವಿಷಯ ಇನ್ನೂ ಹೊಟ್ಟೆ ಉರಿಸುತ್ತದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಿಂದ ಬಂದ ಕೂಡಲೇ ಕುಸ್ತಿ ಫೆಡರೇಷನ್ ಅವಳನ್ನು ಅಮಾನತು ಮಾಡಿತು. ತಂಡದ ಬೇರೆಯವರ ಜೊತೆ ಅಭ್ಯಾಸ ಮಾಡಲಿಲ್ಲ, ಅಧಿಕೃತ ಪ್ರಾಯೋಜಕರ ಅಂಗಿ ತೊಡಲಿಲ್ಲ ಅನ್ನುವ ಕಾರಣಗಳು. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಎರಡು ವರ್ಷದಲ್ಲಿ ಅದೇ ಫೆಡರೇಷನ್ ಅಧ್ಯಕ್ಷರ ಮೇಲೆ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ತಂದರು. ಅವರು ನಿರಾಕರಿಸಿದರು, ಅದು ಅವರ ಹಕ್ಕು. ಆದರೆ ಎಫ್‌ಐಆರ್ ಆಗಲಿಕ್ಕೆ ಒಲಿಂಪಿಕ್ ಪದಕ ಗೆದ್ದವರು ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಅಂಗಿಯ ವಿಷಯಕ್ಕೆ ಇದ್ದ ಅವಸರ ಇದಕ್ಕೆ ಯಾಕೆ ಇರಲಿಲ್ಲ? ಶಿಸ್ತು ಅಂದರೆ ಆಟಗಾರರಿಗೆ ಮಾತ್ರವಾ?

ಇದೆಲ್ಲ ಈಗ ಯಾಕೆ ಅಂದರೆ, ಕ್ಲಬ್ಬಿನವರು ಮತ್ತೆ ಕರೆದಿದ್ದಾರೆ. ಈಗ ಮಣ್ಣಿನ ಅಂಕಣ ಹೋಗಿ ಮ್ಯಾಟ್ ಬಂದಿದೆ. ಹುಡುಗರಿಗೆ ಪಂದ್ಯಾಟಕ್ಕೆ ಇಷ್ಟು ಅಂತ ಹಣ, ಸಹಿ ಹಾಕಿದ ಕರಾರು. "ಶಿಸ್ತಿನ ನಿಯಮ ಒಂದು ಬರೆದುಕೊಡಿ ಟೀಚರ್, ಒಂದು ಪುಟ ಸಾಕು" ಅಂದರು. ಮೂರು ವಾರದಿಂದ ಬರೆದು ಬರೆದು ಹರಿಯುತ್ತಿದ್ದೇನೆ.

ಶಿಕ್ಷೆಯ ಪಟ್ಟಿ ಸೀಸನ್ ಶುರುವಾಗುವ ಮೊದಲೇ ಆಗಬೇಕು, ಎಲ್ಲರೂ ಓದಿ ಸಹಿ ಹಾಕಬೇಕು. ಇದಕ್ಕೆ ಯಾರದೂ ತಕರಾರಿಲ್ಲ. ಸಭೆಯಲ್ಲಿ ಮೊದಲು ಏನಾಯಿತು ಅಂತ ಓದಬೇಕು, ಹೆಸರು ಆಮೇಲೆ, ಅಂತಲೂ ಬರೆದಿದ್ದೆ. ಕಾರ್ಯದರ್ಶಿ ನಕ್ಕರು. "ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದಲ್ಲ ಮಾರಾಯ್ರೆ, ಹೆಸರು ಮುಚ್ಚಿ ಎಂತ ಪ್ರಯೋಜನ?" ಸರಿಯಾದ ಮಾತೇ. ಆದರೂ ಆ ಸಾಲು ತೆಗೆದಿಲ್ಲ. ಏನಾಯಿತು ಅಂತ ಬಾಯಿಬಿಟ್ಟು ಓದಿದರೆ, "ಒಳ್ಳೆ ಹುಡುಗ" ಅನ್ನುವ ಮಾತು ಅಷ್ಟು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಪೊಲೀಸ್ ಕೇಸಾದರೆ ಏನು ಅನ್ನುವುದು ತುಂಬಾ ಕಾಡಿತು. ಆಸ್ಟ್ರೇಲಿಯಾದ ರಗ್ಬಿ ಲೀಗಿನಲ್ಲಿ 2019ರಿಂದ ಒಂದು ಕ್ರಮ ಇದೆ. 11 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಆಗಬಹುದಾದ ಆರೋಪ ಪೊಲೀಸರು ಹೊರಿಸಿದರೆ ಆಟಗಾರ ಕೂಡಲೇ ಹೊರಗೆ ಕೂರಲೇಬೇಕು. ಸಂಬಳ ಪೂರ್ತಿ ಬರುತ್ತದೆ. ಇದು ಶಿಕ್ಷೆ ಅಲ್ಲ, ತಪ್ಪು ಮಾಡಿದ್ದಾನೆ ಅಂತಲೂ ಅಲ್ಲ, ಕೋರ್ಟು ಹೇಳುವವರೆಗೆ ಅಷ್ಟೇ. ಸ್ಟಾರ್ ಆದರೂ ಅಷ್ಟೇ, ಬೆಂಚಿನವನಾದರೂ ಅಷ್ಟೇ. ನನಗೆ ಇದು ಹಿಡಿಸಿತು. ಇಂಗ್ಲೆಂಡಿನ ಕ್ರಿಕೆಟಿಗ ಬೆನ್ ಸ್ಟೋಕ್ಸ್‌ಗೂ 2017ರಲ್ಲಿ ಬ್ರಿಸ್ಟಲ್‌ನ ಬೀದಿ ಹೊಡೆದಾಟದ ನಂತರ ಆಸ್ಟ್ರೇಲಿಯಾ ಎದುರಿನ ಆ್ಯಶಸ್ ಟೆಸ್ಟ್ ಸರಣಿ ತಪ್ಪಿತ್ತು. ಕೋರ್ಟು ಬಿಡುಗಡೆ ಮಾಡಿದ ಮೇಲೆ ಶಿಸ್ತು ಸಮಿತಿ ಎಂಟು ಪಂದ್ಯ ನಿಷೇಧ, 30 ಸಾವಿರ ಪೌಂಡ್ ದಂಡ ಹಾಕಿತು. ಆದರೆ ಅವನು ಆಗಲೇ ಕಳೆದುಕೊಂಡ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿಯಿತು. ರಗ್ಬಿಯವರ ಹಾಗೆ ಹೊರಗೆ ಕೂತವನಿಗೆ ಪೂರ್ತಿ ಹಣ ಕೊಡುವ ತಾಕತ್ತು ನಮ್ಮ ಕ್ಲಬ್ಬಿಗಿಲ್ಲ, ಅರ್ಧ ಅಂತ ಬರೆದಿದ್ದೇನೆ.

ಇನ್ನೊಂದು ಸಾಲು ಇದೆ, ಅದನ್ನು ಯಾರು ಹೇಳಿದರೂ ಬಿಡುವುದಿಲ್ಲ. ಪೆಟ್ಟು ತಿಂದವರನ್ನು, ಅವಮಾನ ಆದವರನ್ನು ಸಮಿತಿಯ ಇಬ್ಬರು ಹೋಗಿ ಭೇಟಿಯಾಗಬೇಕು, ಅವರು ಹೇಳಿದ್ದನ್ನು ಬರೆದುಕೊಂಡು ಬರಬೇಕು. ಆ ಸಪ್ಲಾಯರ್ ಹುಡುಗನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ಸಾವಿರ ಅವನ ಕೈಗೆ ಬಂತಾ, ಮಾಲೀಕರ ಕಿಸೆಯಲ್ಲೇ ಉಳಿಯಿತಾ, ಕೇಳಿದವರಿಲ್ಲ. ಕಿವಿ ಸರಿಯಾಗಿ ಕೇಳುತ್ತಿತ್ತಾ ಅಂತಲೂ ಕೇಳಲಿಲ್ಲ.

ಭಾನುವಾರ ಸಭೆ. ಹಳೇ ಪುಸ್ತಕ ತೆಗೆದುಕೊಂಡು ಹೋಗಿ ಆ ಎರಡು ಸಾಲನ್ನು ಎಲ್ಲರ ಎದುರು ಓದಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಆದರೆ ಅಂದಿನ ರೈಡರ್ ಈಗ ನಮ್ಮ ಕ್ಲಬ್ಬಿನ ಕೋಚ್. ಅವನೂ ಅಲ್ಲೇ ಕೂತಿರುತ್ತಾನೆ. ಅವನಿಗೆ ಹೇಳದೆ ಓದುವುದು ಸರಿಯಲ್ಲ ಅನಿಸಿ ನಿನ್ನೆ ಸಂಜೆ ಫೋನ್ ಮಾಡಿದೆ. ಪುಟದಲ್ಲಿ ಇರುವುದನ್ನು ಇದ್ದ ಹಾಗೇ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಹುಡುಗರ ಅಭ್ಯಾಸದ ಗದ್ದಲ ಕೇಳುತ್ತಿತ್ತು.

"ಓದಿ ಟೀಚರ್" ಅಂದ. "ಆದ್ರೆ ಅದರಲ್ಲಿ ಅಶಿಸ್ತು ಅಂತ ಮಾತ್ರ ಉಂಟಲ್ಲ. ಹೊಡೆದದ್ದು ನಾನು, ಅವನು ಕೈ ಹಿಡಿದದ್ದು ಅಷ್ಟೇ. ಅದನ್ನೂ ಬರೆದು ಓದಿ."