ಗಿಟಾರಿಸ್ಟ್ ಬರಲಿಲ್ಲ

ಬಂಗಾರಪೇಟೆ ಹತ್ತಿರದ ಹಳ್ಳಿಯೊಂದರಲ್ಲಿ ಗಣೇಶನ ರಸಮಂಜರಿ. ಸಂಜೆ ಆರಕ್ಕೆ ಗಿಟಾರಿಸ್ಟ್ ಫೋನ್ ಮಾಡಿ, "ಅಣ್ಣಾ, ಜ್ವರ, ಎದ್ದೇಳಕ್ಕೂ ಆಗ್ತಿಲ್ಲ" ಅಂದ. ರಿದಂ ಪ್ಯಾಡ್ ಹುಡುಗನಿಗೆ ಚಿಂತೆಯೇ ಇಲ್ಲ. "ನಿನ್ ಕೀಬೋರ್ಡಲ್ಲೇ ಗಿಟಾರ್ ವಾಯ್ಸ್ ಐತಲ್ಲಣ್ಣಾ, ಹಾಕ್ಬಿಡು. ಯಾರಿಗ್ ಗೊತ್ತಾಗುತ್ತೆ?"

ವಾಯ್ಸೇನೋ ಇತ್ತು. ಕೀಬೋರ್ಡ್‌ಗಳ ಸಾಮಾನ್ಯ ವಾಯ್ಸ್ ಪಟ್ಟಿಯಾದ ಜನರಲ್ ಮಿಡಿಯಲ್ಲಿ 31ನೆಯದು, ಡಿಸ್ಟಾರ್ಷನ್ ಗಿಟಾರ್, ಅಂದ್ರೆ ರಾಕ್ ಹಾಡಿನ ಗೊರಗೊರ ಗಿಟಾರ್. ಅಭ್ಯಾಸಬಲದಿಂದ ಎಡಗೈಯಲ್ಲಿ ಸಿ, ಇ, ಜಿ (ಷಡ್ಜ, ಗಾಂಧಾರ, ಪಂಚಮ) ಮೂರನ್ನೂ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿದೆ. ಮೈಕ್‌ಸೆಟ್‌ನಿಂದ ಹೊರಟಿದ್ದು ಹಿಟ್ಟಿನ ಗಿರಣಿ ಸದ್ದು! ಒಂದೊಂದು ಸ್ವರದ ಮೇಲೂ ಡಿಸ್ಟಾರ್ಷನ್ ಹತ್ತಾರು ಉಪಸ್ವರಗಳ ಪದರ ಹೇರಿರುತ್ತೆ; ನಡುವಿನ ಇ ಸೇರಿದರೆ ಎಲ್ಲ ಕಿತ್ತಾಡತೊಡಗುತ್ತವೆ. ರಾಕ್ ಗಿಟಾರಿನವರು ಷಡ್ಜ, ಪಂಚಮ, ಮೇಲಿನ ಷಡ್ಜ ಇಷ್ಟನ್ನೇ ಹಿಡಿಯೋದು ಅದಕ್ಕೇ. ಇ ಬಿಟ್ಟೆ. ಕೈಯನ್ನೂ ಮೇಲಕ್ಕೆ ಸರಿಸಿದೆ: ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ಗಿಂತ ಕೆಳಗಿಳಿಯೋದಿಲ್ಲ, ನಾನು ಅದಕ್ಕೂ ಕೆಳಗೆ ಗುಡುಗಿಸ್ತಿದ್ದೆ.

ಕಾರ್ಡ್ ಸರಿಹೋಯ್ತು, ಒಂಟಿ ಸ್ವರಗಳಲ್ಲಿ ನುಡಿಸೋ ಲೀಡ್ ಮಾತ್ರ ಹಾರ್ಮೋನಿಯಂ ಥರಾನೇ. ಆಗ ನೆನಪಾಗಿದ್ದು ಕೋಲಾರದ ದೊಡ್ಡಮ್ಮನ ವೀಣೆ. ರಿಷಭದ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿ ಎಳೆದರೆ ಗಾಂಧಾರ. ಎಳೆದ ತಂತಿಯಲ್ಲಿ ಸ್ವರ ಏರುತ್ತೆ, ಬಿಟ್ಟರೆ ಹೊರಟ ಜಾಗಕ್ಕೇ ಬರುತ್ತೆ, ಅದಕ್ಕಿಂತ ಕೆಳಗೆ ಹೋಗಲ್ಲ. ಗಿಟಾರಿನ ಬೆಂಡ್ ಕೂಡ ಅದೇ ಅಲ್ಲವೇ? ನನ್ನ ಕೀಬೋರ್ಡಲ್ಲಿ ಸ್ವರ ಜಾರಿಸೋ ಪಿಚ್ ಬೆಂಡ್ ಚಕ್ರ ಪೂರ್ತಿ ತಳ್ಳಿದರೆ ಏರೋದು ಎರಡೇ ಸ್ವರಸ್ಥಾನ. ಬಲಗೈಲಿ ಡಿ ಒತ್ತಿ, ಎಡಗೈಲಿ ಚಕ್ರ ತಳ್ಳಿದೆ. ಸ್ವರ ಕೊಸರಾಡ್ತಾ ಹೋಗಿ ಇ ಮೇಲೆ ಕೂತಿತು. 1970ರ ದಶಕದಲ್ಲಿ ಕೀಬೋರ್ಡ್ ವಾದಕ ಯಾನ್ ಹ್ಯಾಮರ್ ಮಿನಿಮೂಗ್ ಸಿಂಥ್‌ನ (ಎಲೆಕ್ಟ್ರಾನಿಕ್ ಕೀಬೋರ್ಡ್) ಇಂಥದ್ದೇ ಚಕ್ರ ಹಿಡಿದು ರಾಕ್ ಗಿಟಾರಿಸ್ಟ್ ಜೆಫ್ ಬೆಕ್ ಗಿಟಾರಿಗೆ ಸರಿಸಮ ನಿಂತಿದ್ದ. ನನಗೆ ಸಿಕ್ಕಿದ್ದು ಅರ್ಧ ಗಂಟೆ, ಬೆವರಿದ ಹೆಬ್ಬೆರಳು.

ಮೂರನೇ ಹಾಡಲ್ಲಿ ಲೀಡ್ ಬಂತು. ಎಡಗೈ ಚಕ್ರಕ್ಕೆ ಹೋದ್ದರಿಂದ ಕೆಳಗೆ ಕಾರ್ಡೇ ಇಲ್ಲ, ಬರೀ ಬಯಲು. ಹುಡುಗ ಪ್ಯಾಡ್ ಜೋರಾಗಿ ಬಾರಿಸಿ ಮುಚ್ಚಿದ. ಮುಂದೆ ಕೂತಿದ್ದ ಹೈಕಳು ಇಲ್ಲದ ಗಿಟಾರ್ ಹಿಡಿದು ತಲೆ ಒದರಿದರು.

ರಾತ್ರಿ ಒಂದಕ್ಕೆ ಲೆಕ್ಕ ಮಾಡುವಾಗ ಕಮಿಟಿಯವರು ಗಿಟಾರಿನವನ ದುಡ್ಡು ಮುರಿದುಕೊಂಡರು.

"ಗಿಟಾರ್ ಕೇಳಿಸ್ತಲ್ಲಾ ಸಾರ್?"

"ಕೇಳಿಸ್ತಪ್ಪಾ. ಕಾಣಿಸ್ಲಿಲ್ಲ."