ಹಳೇ ಅಡ್ವೆಂಚರ್ ಗೇಮ್ ಯಾವುದರಿಂದ ಶುರು ಮಾಡಲಿ?

"ಹಳೇ ಪಾಯಿಂಟ್ ಅಂಡ್ ಕ್ಲಿಕ್ ಗೇಮ್ (ಮೌಸ್ ಒತ್ತಿ ಆಡೋ ಸಾಹಸದ ಆಟ) ಆಡೋ ಆಸೆ, ಯಾವುದರಿಂದ ಶುರು ಮಾಡ್ಲಿ?" ಈ ಪ್ರಶ್ನೆ ಬಂದಾಗಲೆಲ್ಲ ನಾನು ಹೇಳುವ ಹೆಸರು ಒಂದೇ: ಲೂಮ್. 1990ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಹೊರತಂದ ಆಟ. ರೂಪಿಸಿದವರು ಬ್ರಯಾನ್ ಮೊರಿಯಾರ್ಟಿ.

ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಇನ್ನೊಂದು ಹೆಸರಾಂತ ಹಳೇ ಆಟ ಕಿಂಗ್ಸ್ ಕ್ವೆಸ್ಟ್ ಅಂತೀನಿ ಅಂದುಕೊಂಡಿರುತ್ತಾರೆ. ಅದರಲ್ಲಿ ಕಾಲು ಜಾರಿದರೂ ಸಾವು. ಹಿಂದೆಲ್ಲೋ ಎತ್ತಿಕೊಳ್ಳದೆ ಬಿಟ್ಟ ಸಾಮಾನಿನಿಂದ ಆಟ ಮುಂದಕ್ಕೇ ಹೋಗದೆ ಕೂರಬಹುದು. ಹೊಸಬರು ಅಲ್ಲೇ ಕೈಮುಗಿದು ಎದ್ದುಬಿಡುತ್ತಾರೆ. ಲೂಮ್‌ನಲ್ಲಿ ನೀವು ಸಾಯುವುದಿಲ್ಲ. ಜೇಬು ತುಂಬ ಸಾಮಾನು ಹೊತ್ತು ಅಲೆಯುವ ಕೆಲಸವೂ ಇಲ್ಲ.

ಇರುವುದು ಒಂದು ಕೋಲು. ಬಾಬಿನ್ ಎಂಬ ನೇಕಾರ ಹುಡುಗನಿಗೆ ಹದಿನೇಳು ತುಂಬಿದ ದಿನ ಅವನ ಕುಲದ ಹಿರಿಯರೆಲ್ಲ ಹಂಸಗಳಾಗಿ ಹಾರಿಹೋಗುತ್ತಾರೆ. ಅವರು ಬಿಟ್ಟುಹೋದ ನೂಲುವ ಕೋಲು ಇವನ ಕೈಗೆ ಬರುತ್ತದೆ. ಅದರಲ್ಲಿ ನಾಲ್ಕು ಸ್ವರ ನುಡಿಸಿದರೆ ಒಂದು ಮಾಯೆ. ಸಂಗೀತ ಕಲಿತವರಿಗೆ ಇಲ್ಲೇ ಮಜಾ ಇರೋದು. ಆ ಸ್ವರಗಳು ಪಾಶ್ಚಾತ್ಯ ಸಂಗೀತದ ಸಿ ಮೇಜರ್ ಶ್ರೇಣಿಯವು, ಹೆಚ್ಚುಕಮ್ಮಿ ನಮ್ಮ ಶಂಕರಾಭರಣ ರಾಗ. ಶುರುವಿನಲ್ಲಿ ಸ, ರಿ, ಗ ಮೂರೇ ಸಿಗುತ್ತವೆ. ಮೊದಲ ಮಂತ್ರ ಗ-ಸ-ಗ-ರಿ. ನುಡಿಸಿದರೆ ಮುಚ್ಚಿದ್ದು ತೆರೆಯುತ್ತದೆ. ಹಿಂದುಮುಂದಾಗಿ ರಿ-ಗ-ಸ-ಗ ಅಂದರೆ ತೆರೆದದ್ದು ಮುಚ್ಚುತ್ತದೆ. ಈ ತಿರುವುಮುರುವೇ ಆಟದ ಜೀವ. ಒಣಹುಲ್ಲನ್ನು ಚಿನ್ನ ಮಾಡುವ ಮಂತ್ರವೂ ಒಂದಿದೆ. ಮುಂದೆ ಡ್ರ್ಯಾಗನ್ ಗುಹೆಯಲ್ಲಿ ಸಿಕ್ಕಿಬಿದ್ದಾಗ ಎದುರಿಗೆ ಚಿನ್ನದ ರಾಶಿ. ಆ ಡ್ರ್ಯಾಗನ್‌ಗೋ ಬೆಂಕಿ ಕಂಡರೇ ಭಯ! ಇನ್ನು ಹೇಳಲ್ಲ, ನೀವೇ ಯೋಚಿಸಿ.

ಹಿನ್ನೆಲೆ ಸಂಗೀತ ಚೈಕೋವ್‌ಸ್ಕಿಯ ಸ್ವಾನ್ ಲೇಕ್ (ಹಂಸ ಸರೋವರ) ಎಂಬ ಬ್ಯಾಲೆ ನೃತ್ಯನಾಟಕದ್ದು. ಹಂಸಗಳ ಕತೆಗೆ ಇನ್ಯಾವುದು ಹೊಂದೀತು, ಅಲ್ವಾ?

ದೂರು ಇಲ್ಲವೇ ಇಲ್ಲ ಅಂತಲ್ಲ. ಆಟ ಬಲು ಚಿಕ್ಕದು. ಮುಂದಿನ ಭಾಗ ಬಂದೇ ಬರುತ್ತದೆ ಅನ್ನುವ ಹಾಗೆ ಮುಗಿಯುತ್ತದೆ, ಅದು ಬರಲೇ ಇಲ್ಲ. ಈಗ ಮಾರಾಟಕ್ಕಿರುವುದು ಮಾತು ಸೇರಿಸಿದ ಸಿಡಿ ಆವೃತ್ತಿ. ಬಣ್ಣ 256 ಇದ್ದರೂ ಅದರಲ್ಲಿ ಸಂಭಾಷಣೆ ಕತ್ತರಿಸಿದ್ದಾರೆ. ನನಗೆ ಮೊದಲಿನ 16 ಬಣ್ಣದ್ದೇ ಇಷ್ಟ. ಅಷ್ಟೇ ಬಣ್ಣದಲ್ಲಿ ಆಟದ ಚಿತ್ರಕಾರ ಮಾರ್ಕ್ ಫೆರಾರಿ ಚುಕ್ಕಿಗೆ ಚುಕ್ಕಿ ಸೇರಿಸಿ ಬರೆದ ಆಕಾಶ ನೋಡಬೇಕು. ಹಳೇ ಆಟಗಳನ್ನು ಓಡಿಸುವ ಸ್ಕಮ್‌ವಿಎಂ ಎಂಬ ತಂತ್ರಾಂಶ ಹಾಕಿಕೊಂಡರೆ ಎರಡೂ ಇಂದಿನ ಕಂಪ್ಯೂಟರಿನಲ್ಲಿ ಓಡುತ್ತವೆ.

ಕಿವಿ ಪಳಗಿದ್ದರೆ ಎಕ್ಸ್‌ಪರ್ಟ್ ಹಂತವನ್ನೇ ಆರಿಸಿ. ಅಲ್ಲಿ ಯಾವ ಸ್ವರ ಅಂತ ತೋರಿಸುವುದಿಲ್ಲ, ಕೇಳಿಯೇ ಹಿಡಿಯಬೇಕು. ಪಕ್ಕದಲ್ಲಿ ಪೆನ್ನು, ಹಾಳೆ ಇರಲಿ. ಹೊಸದಾಗಿ ಆಡಿದಾಗಲೆಲ್ಲ ಎಷ್ಟೋ ಮಂತ್ರಗಳ ಸ್ವರ ಬದಲಾಗುತ್ತದೆ, ಹಾಗಾಗಿ ಇಂಟರ್ನೆಟ್ಟಲ್ಲಿ ಹುಡುಕಿದರೆ ಪ್ರಯೋಜನ ಕಮ್ಮಿ.