ಗುಳಿಯೊಂದು ಹಿಗ್ಗಿದರೆ ಏನೆಲ್ಲಾ ಆಗುತ್ತದೆ

ಗಿಡಗಳ ಜೀನ್ ಕುಟುಂಬಗಳ ವಂಶವೃಕ್ಷ ಬಿಡಿಸುವುದು ನನ್ನ ದಿನದ ಕೆಲಸ. ಈ ಕ್ಷೇತ್ರದಲ್ಲಿ ಒಂದು ಬಗೆಯ ಪೇಪರ್‌ಗಳು ಜಾಸ್ತಿ. ಯಾವುದೋ ಬೆಳೆಯ ಜೀನೋಮ್ ತೆಗೆದುಕೊಳ್ಳುವುದು, ಇಂಥ ಕುಟುಂಬದಲ್ಲಿ ಇಷ್ಟು ಜೀನ್ ಇವೆ ಅಂತ ಎಣಿಸುವುದು, ಪಟ್ಟಿ ಕೊಟ್ಟು ಮುಗಿಸುವುದು. ಎಣಿಕೆ ಬೇಕು, ನಿಜ. ಆದರೆ ಒಂದು ಜೀನ್ ನಕಲಾಗಿ ಎರಡಾದ ಮೇಲೆ ಅದರಲ್ಲಿ ಬದಲಾಗಿದ್ದೇನು, ಅದರಿಂದ ಗಿಡದ ಬೆಳವಣಿಗೆಗೆ ಏನಾಯಿತು ಅನ್ನುವುದೇ ಅಲ್ವಾ ಮುಖ್ಯ? ಅದನ್ನು ಕೆಎಐ2 ಎಂಬ ರಿಸೆಪ್ಟರ್‌ನ, ಅಂದರೆ ಸಂಕೇತದ ಅಣುವನ್ನು ಹಿಡಿದು ಸುದ್ದಿ ಮುಟ್ಟಿಸುವ ಪ್ರೋಟೀನ್‌ನ, ಕುಟುಂಬದಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮಾರ್ಕಾಂಶಿಯಾ ಎಂಬ ಪಾಚಿಸಸ್ಯ, ಪ್ರಯೋಗಾಲಯಗಳ ಪುಟ್ಟ ಗಿಡ ಅರಬಿಡಾಪ್ಸಿಸ್, ಭತ್ತ, ಈ ಮೂರರ ಕೆಎಐ2 ಪ್ರೋಟೀನ್‌ಗಳನ್ನು ಸಾಲಾಗಿ ಜೋಡಿಸಿ ನೋಡಿ. ಅಮೈನೋ ಆಮ್ಲಗಳನ್ನು ಸೂಚಿಸುವ ಅಕ್ಷರಗಳು ಅಲ್ಲಲ್ಲಿ ಬೇರೆಯಾಗುತ್ತವೆ. ಆದರೆ ಈ ಮೂರು ಕಡೆ ಅಲುಗಾಡುವುದೇ ಇಲ್ಲ: ಒಂದು ಸೆರೀನ್, ಒಂದು ಆಸ್ಪಾರ್ಟಿಕ್ ಆಮ್ಲ, ಒಂದು ಹಿಸ್ಟಿಡಿನ್. ಅಣುಗಳನ್ನು ಕತ್ತರಿಸುವ ಹೈಡ್ರೋಲೇಸ್ ಎಂಜೈಮ್‌ಗಳ ಗುರುತು ಇದು. ಅಂದರೆ ಈ ರಿಸೆಪ್ಟರ್ ಹುಟ್ಟಿದ್ದು ಎಂಜೈಮ್ ಮನೆತನದಲ್ಲಿ. 2005ರಲ್ಲಿ ಭತ್ತದಲ್ಲಿ ಪತ್ತೆಯಾದ, ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ರಿಸೆಪ್ಟರ್ ಜಿಐಡಿ1 ಕೂಡ ಹೈಡ್ರೋಲೇಸ್ ಮೂಲದ್ದೇ. ಆದರೆ ಅದು ಆ ಹಿಸ್ಟಿಡಿನ್ ಕಳೆದುಕೊಂಡಿದೆ. ಹಾಗಾಗಿ ಹಾರ್ಮೋನನ್ನು ಹಿಡಿಯುತ್ತದೆ, ಕತ್ತರಿಸುವುದಿಲ್ಲ.

ಕೆಎಐ2 ಬಹಳ ಹಳೆಯದು, ಹೂವು ಬೀಜ ಯಾವುದೂ ಇಲ್ಲದ ಪಾಚಿಸಸ್ಯಗಳಲ್ಲೂ ಇದೆ. ಸುಟ್ಟ ಗಿಡಗಳ ಹೊಗೆಯಲ್ಲಿ ಬೀಜ ಮೊಳೆಸುವ ಕ್ಯಾರಿಕಿನ್ ಎಂಬ ಅಣು 2004ರಲ್ಲಿ ಸಿಕ್ಕಿತು. ಅದಕ್ಕೆ ಅರಬಿಡಾಪ್ಸಿಸ್ ಸ್ಪಂದಿಸಲು ಕೆಎಐ2 ಬೇಕೇ ಬೇಕು ಎಂದು 2012ರಲ್ಲಿ ತೋರಿಸಿದರು. ಈ ಜೀನ್ ಕೆಟ್ಟರೆ ಮೊಳಕೆಯ ಕಾಂಡ ಬೆಳಕಿದ್ದರೂ ಉದ್ದುದ್ದ ಬೆಳೆಯುತ್ತದೆ.

ಕೆಎಐ2ರ ಒಂದು ನಕಲಿನಿಂದ ಡಿ14 ಎಂಬ ಇನ್ನೊಂದು ರಿಸೆಪ್ಟರ್ ಬಂತು. ಬೀಜ ಬಿಡುವ ಗಿಡಗಳಲ್ಲಿ ಅದು ಹಿಡಿಯುವುದು ಸ್ಟ್ರೈಗೋಲ್ಯಾಕ್ಟೋನ್ ಹಾರ್ಮೋನನ್ನು. ಕತ್ತರಿಸುವ ಮೂರು ಅಮೈನೋ ಆಮ್ಲಗಳು ಇದ್ದಲ್ಲೇ ಇವೆ. ಬದಲಾಗಿದ್ದು ಅಣು ಕೂರುವ ಗುಳಿ, ಅದು ಹಿಗ್ಗಿದೆ. ಹಾರ್ಮೋನ್ ಒಳಗೆ ಬಂದರೆ ಪ್ರೋಟೀನ್‌ನ ಮೇಲಿನ ಮುಚ್ಚಳದ ಭಾಗ ಆಕಾರ ಬದಲಿಸಿ ಮ್ಯಾಕ್ಸ್2 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹಾರ್ಮೋನಿನ ಕೆಲಸವನ್ನು ತಡೆಹಿಡಿದಿದ್ದ ತಡೆಗಾರ ಪ್ರೋಟೀನ್‌ಗಳು ನಾಶವಾಗುತ್ತವೆ, ಪಕ್ಕದ ಮೊಗ್ಗು ಸುಮ್ನೆ ಕೂರುತ್ತದೆ. ಡಿ14 ಕೆಟ್ಟ ಗಿಡದಲ್ಲಿ ಕೊಂಬೆಗಳ ಪೊದೆಯೇ ಏಳುತ್ತದೆ.

ನನಗೆ ತುಂಬಾ ಹಿಡಿಸುವ ವಿಷಯ ಇಲ್ಲಿದೆ. ರಿಸೆಪ್ಟರ್ ಕವಲೊಡೆಯಿತು. ನಾಶವಾಗುವ ತಡೆಗಾರರೂ ಕವಲೊಡೆದರು: ಕೆಎಐ2ಗೆ ಸ್ಮ್ಯಾಕ್ಸ್1, ಡಿ14ಗೆ ಭತ್ತದಲ್ಲಿ ಡಿ53. ನಡುವಿನ ಮ್ಯಾಕ್ಸ್2 ಮಾತ್ರ ಇಬ್ಬರಿಗೂ ಒಂದೇ. ಒಂದೇ ಕುಟುಂಬದ ಮರ ನೋಡುತ್ತಾ ಕೂತರೆ ಇದು ಕಾಣುವುದಿಲ್ಲ. ಜೊತೆಗೆ ಕೆಲಸ ಮಾಡುವ ಜೀನ್‌ಗಳ ಮರಗಳನ್ನೂ ಪಕ್ಕದಲ್ಲಿ ಇಟ್ಟು ಓದಬೇಕು.

ಸ್ಟ್ರೈಗೋಲ್ಯಾಕ್ಟೋನ್‌ಗೆ ಇನ್ನೊಂದು ಮುಖ ಇದೆ. ಬೇರಿನಿಂದ ಮಣ್ಣಿಗೆ ಸೋರಿ ಅದು ಉಪಕಾರಿ ಶಿಲೀಂಧ್ರಗಳನ್ನು ಕರೆಯುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಕೊಂಬೆ ತಡೆಯುವ ಹಾರ್ಮೋನ್ ಇದೇ ಎಂದು ತಿಳಿದದ್ದು 2008ರಲ್ಲಿ. ಇವೆರಡಕ್ಕೂ ಮೊದಲೇ, 1966ರಲ್ಲಿ, ಹತ್ತಿಯ ಬೇರಿನ ಸ್ರಾವದಿಂದ ಇದನ್ನು ಬೇರ್ಪಡಿಸಿದ್ದರು. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವನ್ನು ಎಬ್ಬಿಸುವ ಅಣು ಎಂಬ ಕಾರಣಕ್ಕೆ. ಸ್ಟ್ರೈಗಾ ಬೀಜ ಧೂಳಿನಷ್ಟು ಸಣ್ಣದು. ಮೊಳೆತ ಕೆಲವೇ ದಿನಗಳಲ್ಲಿ ಆಸರೆಯ ಬೇರು ಸಿಗದಿದ್ದರೆ ಸಾಯುತ್ತದೆ. ಹತ್ತಿರದಲ್ಲಿ ಬೇರು ಇದೆಯೋ ಇಲ್ಲವೋ ಎಂದು ಅದಕ್ಕೆ ಖಚಿತವಾಗಿ ಗೊತ್ತಾಗಲೇಬೇಕು.

ಅದಕ್ಕೆ ಅದು ಡಿ14 ಬಳಸುತ್ತದೆ ಅಂದುಕೊಳ್ಳುವುದು ಸಹಜ. ಹಾಗಲ್ಲ. 2015ರ ಅಧ್ಯಯನಗಳು ತೋರಿಸಿದಂತೆ ಸ್ಟ್ರೈಗಾದಲ್ಲಿ ಹಳೆಯ ಕೆಎಐ2 ಮತ್ತೆ ಮತ್ತೆ ನಕಲಾಗಿದೆ. ಆ ಹೊಸ ನಕಲುಗಳಲ್ಲಿ ಗುಳಿ ಮತ್ತೊಮ್ಮೆ, ಡಿ14ರಲ್ಲಿ ಆದದ್ದಕ್ಕೆ ಸಂಬಂಧವಿಲ್ಲದೆ, ಹಿಗ್ಗಿದೆ. ಎಚ್‌ಟಿಎಲ್7 ಎಂಬ ನಕಲನ್ನು ಅರಬಿಡಾಪ್ಸಿಸ್‌ಗೆ ಸೇರಿಸಿದಾಗ ಅದರ ಬೀಜ ಪಿಕೋಮೋಲಾರ್ ಮಟ್ಟದ, ಅಂದರೆ ತೀರಾ ಅತ್ಯಲ್ಪ ಸಾಂದ್ರತೆಯ, ಸ್ಟ್ರೈಗೋಲ್ಯಾಕ್ಟೋನ್‌ಗೂ ಮೊಳೆಯಿತು. ಮೊಳಕೆಯೊಡೆಸುವ ಹಳೆಯ ಕೆಲಸ ಹಾಗೇ ಉಳಿಯಿತು, ಕೇಳಿಸಿಕೊಳ್ಳುವ ಸಂಕೇತ ಮಾತ್ರ ಬೇರೆಯವರದ್ದಾಯಿತು.

ಈ ವಂಶವೃಕ್ಷದಿಂದ ಹೊಲಕ್ಕೂ ಉಪಯೋಗ ಇದೆ. ಬೆಳೆ ಇಲ್ಲದ ಹೊಲದಲ್ಲಿ ಕಳೆಬೀಜವನ್ನು ಮೋಸದಿಂದ ಎಬ್ಬಿಸಿದರೆ ಅದು ತಾನಾಗಿ ಸಾಯುತ್ತದೆ. 2018ರಲ್ಲಿ ಎಚ್‌ಟಿಎಲ್7ಗೇ ಹೊಂದುವ ಅಂಥ ಒಂದು ಅಣುವನ್ನು ಪ್ರಕಟಿಸಿದರು. ಪಿಕೋಮೋಲಾರ್‌ಗಿಂತಲೂ ಸಾವಿರ ಪಟ್ಟು ಕಡಿಮೆಯಾದ ಫೆಮ್ಟೋಮೋಲಾರ್ ಮಟ್ಟದಲ್ಲೂ ಅದು ಕೆಲಸ ಮಾಡುತ್ತದೆ. ಇಂಥ ಅಣು ಬೆಳೆಯ ಡಿ14ಗೂ ಹಾಗೇ ಹೊಂದಿಕೊಂಡರೆ ಬೆಳೆಯ ಕೊಂಬೆಗಳ ಲೆಕ್ಕವೇ ತಪ್ಪೀತು. ಎರಡು ಗುಳಿಗಳ ನಡುವೆ ವ್ಯತ್ಯಾಸ ಎಲ್ಲಿ ಬಂತು ಅನ್ನುವುದು ಅದಕ್ಕೇ ಬೇಕಾಗುತ್ತದೆ.